ಮಂಡಕ್ಕಿ ಒಲ್ಲದ ಮೀನು

ಮೀನುಗಳೆಲ್ಲ ಮಂಡಕ್ಕಿ ತಿಂದೇ ಬದುಕುತ್ತವೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಶೃಂಗೇರಿಯಲ್ಲಿ ಹುಟ್ಟಿ, ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಎಸೆದು ಬೆಳೆದವನು ಬೇರೇನು ನಂಬಿಯಾನು? ಮಠದ ಮೀನುಗಳು ಸಾತ್ವಿಕರು. ಪ್ರಪಂಚದ ಉಳಿದ ಮೀನುಗಳೂ ಹೆಚ್ಚುಕಡಿಮೆ ಹಾಗೇ ಇರಬೇಕು ಎಂಬುದು ನನ್ನ ಮತ್ಸ್ಯಶಾಸ್ತ್ರ.

ಶಾಸ್ತ್ರಕ್ಕೆ ಪೆಟ್ಟು ಬಿದ್ದದ್ದು ಎರಡು ಸಾವಿರದ ಆರರಲ್ಲಿ. ಹೆಂಡತಿಯ ತಮ್ಮ ಶಶಿಕಿರಣನಿಗೆ ಮಂಗಳೂರಿನಿಂದ ರಾಯಚೂರಿಗೆ ವರ್ಗವಾಯಿತು. ಅಲ್ಲಿನ ಸೆಕೆ ತನಗಾದರೂ ತನ್ನ ಮೀನಿಗಾಗದು ಎಂದು ಅವನು ಕೊಪ್ಪದ ನಮ್ಮ ಮನೆಯ ಹಾಲಿನಲ್ಲಿ ಗಾಜಿನ ತೊಟ್ಟಿ ಇಟ್ಟು, ನೀರಿಗೆ ಬೆರೆಸುವ ಸಮುದ್ರದುಪ್ಪಿನ ಚೀಲ ಕೊಟ್ಟು, ಹಳದಿ ಬಣ್ಣದ ಒಂದು ಚಿಟ್ಟೆಮೀನು ಬಿಟ್ಟ.

"ಭಾವ, ಇದು ಬಹಳ ಸೂಕ್ಷ್ಮ. ಉಪ್ಪು, ಶಾಖ ಒಂಚೂರು ಹೆಚ್ಚುಕಮ್ಮಿ ಆಗಬಾರದು."

"ನಿನ್ನಕ್ಕನ ಜೊತೆ ಸಂಸಾರ ಮಾಡಿದವನಿಗೆ ಇದೆಂತ ದೊಡ್ಡದು ಮಾರಾಯ," ಎಂದೆ. (ಒಳಗೆ ಪಾತ್ರೆ ಸದ್ದಾಯಿತು.)

ಉಪ್ಪು ಸರಿಹೋಯಿತು, ಶಾಖ ಸರಿಹೋಯಿತು. ಮೀನು ಮಾತ್ರ ನಿರಾಹಾರ ವ್ರತ ಹಿಡಿಯಿತು. ಮಂಡಕ್ಕಿ ಹಾಕಿದೆ, ಮುಖ ತಿರುಗಿಸಿತು. ಅವಲಕ್ಕಿ, ಅನ್ನದ ಅಗುಳು, ಕಡೆಗೆ ಸತ್ಯನಾರಾಯಣ ಪೂಜೆಯ ಪ್ರಸಾದವನ್ನೂ ಮೂಸಲಿಲ್ಲ. ನೀರು ಗಂಜಿಯಾಗಿ, ಬಕೆಟ್ ಹೊತ್ತು ಬದಲಾಯಿಸಿ ನನ್ನ ಸೊಂಟ ಹೋಯಿತು. ಮೀನಿನ ಹೊಟ್ಟೆ ಒಳಸೇರುತ್ತಿತ್ತು. ಸೋತು ಶಶಿಕಿರಣನಿಗೆ ಫೋನ್ ಮಾಡಿದೆ.

"ಹಸಿ ಸೀಗಡಿ ಸಣ್ಣಗೆ ಹೆಚ್ಚಿ ಹಾಕಿ ಭಾವ. ಹೀಗೇ ಬಿಟ್ರೆ ಸಾಯ್ತದೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇಟ್ಕೊಳ್ತಿದ್ರಾ?"

ನಾನು ಗಣಪತಿ ಸೇವಾ ಸಮಿತಿಯ ಅಧ್ಯಕ್ಷ. ಕೊರಗಣ್ಣನ ಮೀನಿನ ಗಾಡಿ ಬೀದಿಯಲ್ಲಿ ಹಾರ್ನ್ ಹೊಡೆದರೆ ಕಿಟಕಿ ಮುಚ್ಚುವ ಮನೆ ನಮ್ಮದು. ಆ ಗಾಡಿ ನನ್ನ ಗೇಟಿನ ಮುಂದೆ ನಿಂತರೆ, ಎದುರುಮನೆಯ ದತ್ತಮೂರ್ತಿಗಳು ಸುದ್ದಿಯನ್ನು ಸಂಜೆಯೊಳಗೆ ಶೃಂಗೇರಿ ಮುಟ್ಟಿಸುತ್ತಾರೆ. ಈ ಕಡೆ ಜೀವಹಾನಿ, ಆ ಕಡೆ ಮಾನಹಾನಿ. ನಾನು ಈಸಿಚೇರಿನಲ್ಲಿ ಕೂತು ಧರ್ಮಸೂಕ್ಷ್ಮವನ್ನು ವಿಚಾರ ಮಾಡತೊಡಗಿದೆ.

ಮರುದಿನ ಹಾರ್ನ್ ಕೇಳಿತು. ನಾನು ಅಭ್ಯಾಸಬಲದಿಂದ ಕಿಟಕಿ ಮುಚ್ಚಿದೆ. ಹೆಂಡತಿ ಕಾಮಾಕ್ಷಿ ಬಾಗಿಲು ತೆರೆದಳು.

"ಎಲ್ಲಿಗೆ?"

"ನಿಮ್ಮ ವಿಚಾರ ಮುಗಿಯೋ ಹೊತ್ತಿಗೆ ಅದರ ತಿಥಿ ಮಾಡ್ಬೇಕಾಗ್ತದೆ ಮಾರಾಯ್ರೆ."

ಬಾಳೆಲೆಯ ತುಂಡು ಹಿಡಿದು ಗೇಟಿಗೆ ಹೋದಳು. "ಕೊರಗಣ್ಣ, ಒಂದು ಹಿಡಿ ಸೀಗಡಿ. ನೀನೇ ಸಣ್ಣಗೆ ಹೆಚ್ಚಿಕೊಡು, ನಮ್ಮ ಈಳಿಗೆಮಣೆಗೆ ತಾಗಿಸೋ ಹಾಗಿಲ್ಲ."

ಎದುರಿನಿಂದ ದತ್ತಮೂರ್ತಿಗಳ ಕತ್ತು ಉದ್ದವಾಯಿತು. "ಎಂತ ಕಾಮಾಕ್ಷಮ್ಮ, ನಿಮ್ಮನೆಗಾ?"

"ನಮ್ಮನೆ ಮೀನಿಗೆ. ನಿಮಗೂ ಬೇಕಿದ್ರೆ ಗಾಡಿ ನಿಲ್ಲಿಸ್ತೇನೆ."

ದತ್ತಮೂರ್ತಿಗಳು ಒಳಗೆ ಹೋದರು. ಕಾಮಾಕ್ಷಿ ಕಡ್ಡಿಯ ತುದಿಯಲ್ಲಿ ಒಂದು ಚೂರು ನೀರಿಗಿಳಿಸಿದಳು. ಮೀನು ಬಂತು, ನೋಡಿತು, ನುಂಗಿತು. ಅವಳು ತಲೆಗೆ ನೀರು ಹೊಯ್ದುಕೊಳ್ಳಲು ಬಚ್ಚಲಿಗೆ ನಡೆದಳು. ನಾನು ಕಿಟಕಿಯ ಹಿಂದೆ ಅಧ್ಯಕ್ಷನಾಗಿಯೇ ಉಳಿದೆ.

ಕೆಲವೇ ವಾರಗಳಲ್ಲಿ ಮೀನು ದುಂಡಗಾಯಿತು. ಕಾಮಾಕ್ಷಿಯ ಬಳೆ ಸದ್ದಿಗೇ ಗಾಜಿಗೆ ಬಂದು ಕುಣಿಯುತ್ತಿತ್ತು. ನಾನು ಬಕೆಟ್ ಹಿಡಿದು ಬಂದರೆ ಕಲ್ಲಿನ ಸಂದಿಗೆ ಸೇರಿ ಬಾಲವನ್ನೂ ತೋರಿಸುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ: "ಅಲ್ಲ ಕಾಮಾಕ್ಷಿ, ಇಷ್ಟು ದಿನದಿಂದ ನೀರು ಹೊರ್ತಾ ಇದ್ದೇನೆ. ಅದಕ್ಕೆ ನನ್ನ ಗುರುತು ಸಿಗೋದಿಲ್ವಾ?"

ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಸಿಗ್ತದೆ. ಅದಕ್ಕೇ ಅಡಗೋದು."