ಅಗ್ನಿಶಾಮಕ ಠಾಣೆಯಲ್ಲಿ ಹುರಿದ ಗೆಣಸು

ಅಗ್ನಿಶಾಮಕ ಠಾಣೆಯ ಅಡುಗೆಯವನು ಮೊಮ್ಮಗುವನ್ನು ನೋಡಲು ರಜೆ ಹಾಕಿದ ದಿನವೇ ಹಿರಿಯ ಅಧಿಕಾರಿ ತಪಾಸಣೆಗೆ ಬರುವ ಸುದ್ದಿ ಬಂತು. ಊಟವೂ ಠಾಣೆಯಲ್ಲೇ. ಠಾಣೆಗೆ ಬರಲಿರುವ ಹೊಸ ಗಾಡಿ ಯಾರ ಕೈಗೆ ಎಂದು ತೀರ್ಮಾನಿಸುವವರೂ ಅವರೇ. ಹದಿನೆಂಟು ವರ್ಷ ಹಳೇ ಗಾಡಿ ಓಡಿಸಿ ಸೊಂಟ ಸವೆಸಿಕೊಂಡಿದ್ದ ಡ್ರೈವರ್, ಎಲ್ಲರ ಬಾಯಲ್ಲಿ ‘ಸಾರಥಿ’, ಎದ್ದು ನಿಂತ.

“ಊಟ ಹೋಟೆಲಿಂದ ತರಿಸಿ. ನೆಂಚಿಕೊಳ್ಳೋದು ನಂದು. ಗೆಣಸು, ಕ್ಯಾರೆಟ್, ಕುಂಬಳಕಾಯಿ ಓವನ್‌ನಲ್ಲಿ ಹುರಿದು, ಜೇನು ಸವರಿ, ಖಾರ ಉದುರಿಸಿದ್ರೆ ಸಾಹೇಬ್ರು ತಟ್ಟೆ ನೆಕ್ಕಬೇಕು.”

ಅವನು ಜನ್ಮದಲ್ಲಿ ಅದನ್ನು ಮಾಡಿದ್ದು ಒಂದೇ ಸಲ, ಅದೂ ಹೆಂಡತಿ ಪಕ್ಕದಲ್ಲಿ ನಿಂತು ಗದರುತ್ತಿದ್ದಾಗ.

ಠಾಣೆಯ ಹಿಂಭಾಗದ ಮಹಡಿಯಲ್ಲಿ ಅಡುಗೆಮನೆ. ಅವನು ಗೆಣಸನ್ನು ಬೆರಳುದ್ದಕ್ಕೆ ಹೆಚ್ಚುವಷ್ಟರಲ್ಲಿ ಏಣಿ ಹತ್ತುವ ಉದ್ದನೆಯವನು ಬಂದ. “ಇಷ್ಟೇನಾ ಜೇನು? ಇರುವೆಗೂ ಸಾಲಲ್ಲ,” ಎಂದು ಅರ್ಧ ಬಾಟಲಿ ಬಗ್ಗಿಸಿದ. ಫೋನ್ ನೋಡಿಕೊಳ್ಳುವ ಅಕ್ಕ ಬಂದು, “ಇದೇನು ಕೆಮ್ಮಿನ ಔಷಧಿನಾ?” ಎಂದು ಎರಡು ಚಮಚ ಮೆಣಸಿನಪುಡಿ ಸುರಿದಳು. ಖಾರ ಇಳಿಸಲು ಸಾರಥಿ ಸಕ್ಕರೆ ಹಾಕಿದ. ಓವನ್ ಒಳಗೆ ಹೋಗುವ ಹೊತ್ತಿಗೆ ತರಕಾರಿಗಳು ಬಿಸಿಲಿಗೆ ಕರಗಿದ ಡಾಂಬರಿನಲ್ಲಿ ಸಿಕ್ಕಿಬಿದ್ದ ಚಪ್ಪಲಿಗಳಂತೆ ಕಂಡವು.

ಅವನು ಕೆಳಗಿಳಿದು ಬೂಟು ಒರೆಸಿಕೊಳ್ಳುತ್ತಿದ್ದಾಗ ಸಾಹೇಬರು ಬಂದರು. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ಬಂತು.

“ಮಾರ್ಕೆಟ್ ಹಿಂದಿನ ಬೀದಿ, ನೀಲಿ ಗೇಟು,” ಅಕ್ಕ ಓದಿ ಹೇಳಿದಳು. “ಮಹಡಿ ಕಿಟಕೀಲಿ ಹೊಗೆಯಂತೆ. ಎದುರು ಮನೆಗೆ ನಿನ್ನೆ ತಾನೇ ಬಂದಿರೋ ಟೈಲರಮ್ಮ ಫೋನ್ ಮಾಡಿದ್ದು.”

“ನಾನೂ ಬರ್ತೀನಿ. ನಿಮ್ಮ ಕೆಲಸ ನೋಡೋಣ,” ಎಂದು ಸಾಹೇಬರು ಸಾರಥಿಯ ಪಕ್ಕದಲ್ಲೇ ಹತ್ತಿ ಕೂತರು.

ಸಾರಥಿ ಗಂಟೆ ಬಾರಿಸುತ್ತ ಮೂರು ತಿರುವುಗಳನ್ನು ಒಂದೇ ಉಸಿರಿಗೆ ದಾಟಿದ. ತಳ್ಳುಗಾಡಿಗಳು ಪಕ್ಕಕ್ಕೆ ಸರಿದವು. ಹೊಸ ಗಾಡಿ ತನ್ನದೇ ಎಂದು ಎದೆಯುಬ್ಬಿಸಿ ನೀಲಿ ಗೇಟಿನ ಮುಂದೆ ಬ್ರೇಕ್ ಹಾಕಿದ. ಉದ್ದನೆಯವನು ಏಣಿ ಹತ್ತಿ, ಕಿಟಕಿಯೊಳಗೆ ಇಣುಕಿ, ಕಂಬದಂತೆ ನಿಂತುಬಿಟ್ಟ.

“ಯಾರ ಮನೇನ್ರೀ ಅದು?” ಸಾಹೇಬರು ಕೆಳಗಿನಿಂದ ಕೇಳಿದರು.

“ನಮ್ದೇ, ಸಾರ್.”

ಠಾಣೆಗೆ ಆ ಬೀದಿಯತ್ತ ಹಿತ್ತಲ ಗೇಟೊಂದಿದೆ, ಅದರ ಬಣ್ಣ ನೀಲಿ ಎಂಬುದು ಅಲ್ಲಿ ಕೆಲಸ ಮಾಡುವ ಯಾರಿಗೂ ನೆನಪಿರಲಿಲ್ಲ.

ಬೆಂಕಿಯೇನೂ ಹತ್ತಿರಲಿಲ್ಲ. ಸಕ್ಕರೆ ಸೀದಿತ್ತು, ಅಷ್ಟೇ. ಸಾರಥಿ ಮಹಡಿಗೆ ಓಡಿ ಓವನ್‌ನಿಂದ ತಟ್ಟೆಯನ್ನು ಹೊರಗೆಳೆದ. ಹಿಂದೆಯೇ ಮೇಲೆ ಬಂದ ಸಾಹೇಬರು ಗೆಣಸಿನ ಹೋಳೊಂದನ್ನು ಎತ್ತಿ ಕಡಿದರು. ಅಂಚು ಗರಿಗರಿ, ಒಳಗೆ ಬೆಣ್ಣೆ. ಮೊದಲು ಸಿಹಿ, ಹಿಂದೆಯೇ ಖಾರ, ಆಮೇಲೆ ಕಣ್ಣಲ್ಲಿ ನೀರು. ಅವರು ಇನ್ನೊಂದು ತೆಗೆದರು. ಕೊನೆಗೆ ತಟ್ಟೆಯನ್ನೇ ತಮ್ಮ ಕಡೆಗೆ ಎಳೆದುಕೊಂಡರು.

“ಯಾರು ಮಾಡಿದ್ದು?”

ಉದ್ದನೆಯವನೂ ಅಕ್ಕನೂ ಒಟ್ಟಿಗೆ ಸಾರಥಿಯತ್ತ ಬೆರಳು ತೋರಿಸಿದರು.

“ನಿನ್ನ ಡ್ರೈವಿಂಗೂ ಬಹಳ ಚೆನ್ನಾಗಿದೆ,” ಸಾಹೇಬರು ಬೆರಳು ಚೀಪುತ್ತ ಹೇಳಿದರು. “ಆದ್ರೆ ಒಳ್ಳೆ ಡ್ರೈವರು ನೂರು ಜನ ಸಿಗ್ತಾರೆ ಕಣಯ್ಯ. ನಾಳೆಯಿಂದ ನಮ್ಮ ಆಫೀಸಿನ ಅಡುಗೆಮನೆಗೆ ಬಂದ್ಬಿಡು. ಇವತ್ತೇ ಆರ್ಡರ್ ಬರೆಸ್ತೀನಿ.”

“ಸಾರ್, ಹೊಸ ಗಾಡಿ...”

“ಅದರ ಚಿಂತೆ ನಿಂಗ್ಯಾಕೆ? ಈ ಉದ್ದನೆಯವನು ಓಡಿಸ್ತಾನೆ.”

ಉದ್ದನೆಯವನು ಹಲ್ಲು ಕಿರಿಯುತ್ತ ಸೆಲ್ಯೂಟ್ ಹೊಡೆದ. ತಟ್ಟೆಯಲ್ಲಿ ಒಂದೇ ಒಂದು ಹೋಳು ಉಳಿದಿತ್ತು. ಸಾರಥಿ ಅದನ್ನು ಬಾಯಿಗೆ ಹಾಕಿಕೊಂಡ. ಹಾಳಾದ್ದು, ನಿಜವಾಗಿಯೂ ಚೆನ್ನಾಗಿತ್ತು.