ಗಂಜಿ ಸೀರೆಯೂ ಟೀ ಅಂಗಡಿ ಹೋತವೂ

ನಮ್ಮ ಮನೆಯವರು ಮಗ್ಗದ ಗುಂಡಿಯಿಂದ ಎದ್ದು ಹೊರಗೆ ಕಾಲಿಟ್ಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಮದುವೆಗೆ ಹೋದರೂ ಅಷ್ಟೆ, ಸಾವಿಗೆ ಹೋದರೂ ಅಷ್ಟೆ. ನಾನು ಕೊಳ್ಳೇಗಾಲದ ಕಡೆಯಿಂದ ಕೊಯಮತ್ತೂರು ಸೀಮೆಯ ಈ ನೇಯ್ಗೆಯವರ ಬೀದಿಗೆ ಸೊಸೆಯಾಗಿ ಬಂದ ಮೇಲೆ ಕಂಡದ್ದರಲ್ಲಿ, ಎಂಬತ್ತರ ದಶಕದ ಒಂದು ಅಮಾವಾಸ್ಯೆಯದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹೋತದ ಕಾಟ

ನಮ್ಮ ಬೀದಿಯ ಕೊನೆಯಲ್ಲಿ ಟೀ ಅಂಗಡಿ. ಅದರ ಮುಂದೆ ಒಂದು ಕಲ್ಲಿಗೆ ಗಡ್ಡದ ಹೋತ ಕಟ್ಟಿರುತ್ತಿತ್ತು. ಬೀದಿಯುದ್ದ ಹಾಸು ನೂಲನ್ನು ಚಾಚಿ ಅನ್ನದ ಗಂಜಿ ಹಚ್ಚುವವರು ನಾವು. ಬಿಟ್ಟರೆ ನೂಲಿಗೇ ಬಾಯಿ ಹಾಕುತ್ತದೆಂದು ಅದನ್ನು ಕಟ್ಟಿಹಾಕಿದ್ದರು.

ಸ್ಕೂಲಿಗೆ ಅದೊಂದೇ ದಾರಿ. ಐದು ವರ್ಷದ ನನ್ನ ಮಗಳು ಹೋತವನ್ನು ಕಂಡಳೋ, ಸ್ಲೇಟು ಬಿಸಾಕಿ ಮನೆಗೆ ಓಟ. ಕೊನೆಗೆ ಟೀಚರಮ್ಮ ನನ್ನನ್ನೇ ಕರೆಸಿದರು. "ಒಂದು ಆಡಿಗೆ ಹೆದರೋ ಮಗೂನ ನಾನು ಎಲ್ಲೂ ಕಂಡಿಲ್ಲಮ್ಮ. ಸೋಮವಾರವೂ ಬರದಿದ್ದರೆ ಹೆಸರು ಹೊಡೆದುಹಾಕ್ತೀನಿ, ಬರೋ ವರ್ಷ ನೋಡಾಣ."

ನನಗೆ ಮೈಯೆಲ್ಲ ಉರಿಯಿತು. ಒಂದು ಗಡ್ಡಕ್ಕೆ ಹೆದರಿ ನನ್ನ ಮಗಳು ಒಂದು ವರ್ಷ ಕಳೆದುಕೊಳ್ಳುವುದೇ? ಕೊಯಮತ್ತೂರಿನ ಒಂದು ಪಾರ್ಕಿನಲ್ಲಿ ಮಕ್ಕಳು ಮುಟ್ಟಲೆಂದೇ ಮೊಲ, ಕುರಿಮರಿ, ಆಡು ಬಿಟ್ಟಿದ್ದಾರೆಂದು ಕೇಳಿದ್ದೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಆ ಸಲ ಅದು ಭಾನುವಾರವೇ ಬಿದ್ದಿತ್ತು.

"ಮೊದಲು ಮೊಲ, ಆಮೇಲೆ ಕುರಿ, ಆಮೇಲೆ ಆಡು," ಎಂದು ಮನೆಯಲ್ಲಿ ಸಾರಿದೆ. "ಮುಟ್ಟದೆ ಯಾರೂ ಮನೆಗೆ ಬರೋ ಹಾಗಿಲ್ಲ."

"ನಾನೂ ಮುಟ್ಟಬೇಕಾ?" ಎಂದರು ನಮ್ಮವರು.

ಪುಳಿಯೋಗರೆಗೆ ಸೀಟು

ನಾನು ಹೀಗೆ ಹಟ ಹಿಡಿದರೆ ಅತ್ತೆಯ ಹಟವೇ ಬೇರೆ. ಗಂಜಿ ಹಾಕದ ಬಟ್ಟೆ ಉಟ್ಟು ನೇಯ್ಗೆಯವರು ಹೊಸಿಲು ದಾಟಬಾರದು. ಅವತ್ತು ಮಗನೇ ನೆಯ್ದ ಹೊಸ ಹತ್ತಿ ಸೀರೆಗೆ ಅವರು ಎಷ್ಟು ಗಂಜಿ ಕುಡಿಸಿದ್ದರೆಂದರೆ, ಸೀರೆ ಅವರಿಲ್ಲದೆಯೂ ನಿಲ್ಲುವಂತಿತ್ತು. ಕೂತರೆ ನಿರಿಗೆ ಮುರಿಯುತ್ತದೆಂದು ಬಸ್ಸಿನಲ್ಲಿ ನಿಂತೇ ಬಂದರು. ಹಿಡಿದ ಸೀಟಿನ ಮೇಲೆ ಊಟದ ತೂಕು ಡಬ್ಬಿಯನ್ನು ಇಟ್ಟರು.

ಕಂಡಕ್ಟರ್ ಬಂದು ಒಮ್ಮೆ ಆ ಡಬ್ಬಿ ನೋಡಿದ, ಒಮ್ಮೆ ಅತ್ತೆಯನ್ನು ನೋಡಿದ. "ಒಳಗೆ ಏನಿದೆ ಪಾಟಿ?" ಎಂದು ತಮಿಳಿನಲ್ಲಿ ಕೇಳಿದ.

"ಪುಳಿಯೋಗರೆ."

ಆತ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: "ಯಾರೂ ತಳ್ಳಬೇಡಿ! ಪುಳಿಯೋಗರೆ ಕೂತಿದೆ, ಅಜ್ಜಿ ನಿಂತಿದ್ದಾರೆ!"

ಮೊಲದ ನೇಯ್ಗೆ

ಪಾರ್ಕಿನಲ್ಲಿ ತಂತಿಬೇಲಿಯ ಒಳಗೆ ಹೋಗುತ್ತಲೇ ಮಗಳು ನನ್ನ ಸೊಂಟ ಹತ್ತಿ, ಕಾಲನ್ನೂ ಮೇಲೆತ್ತಿಕೊಂಡಳು. ಅವಳಿಗೆ ಧೈರ್ಯ ಬರಲೆಂದು ನಮ್ಮವರು ಒಂದು ಬಿಳಿ ಮೊಲವನ್ನು ಎತ್ತಿಕೊಂಡರು. ಎತ್ತಿಕೊಂಡವರು ಅಂಗಡಿಯಲ್ಲಿ ಬಟ್ಟೆ ನೋಡುವಂತೆ ಹೆಬ್ಬೆರಳು ತೋರುಬೆರಳ ನಡುವೆ ಅದರ ತುಪ್ಪಳ ಉಜ್ಜಿದರು, ಬೆಳಕಿಗೆ ಹಿಡಿದರು, ಆಮೇಲೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಸಣ್ಣ ನೂಲು. ಬಣ್ಣ ಬಿಡಲ್ಲ," ಎಂದರು.

"ಏನ್ರೀ, ಮೊಲ ಮುಟ್ಟಬೇಕಾದ್ದು ಮಗು!" ಎಂದು ಗದರಿದೆ.

"ಅಪ್ಪ ಮುಟ್ಟಾಯ್ತಲ್ಲಮ್ಮ," ಎಂದಳು ಸೊಂಟದ ಮೇಲಿನವಳು. "ಸಾಕು, ಮನೆಗೆ ಹೋಗಾಣ."

ಕಡಿಯದ ಪ್ರಾಣಿ

ನಾನು ಬಿಡುವವಳಲ್ಲ. "ಕಣ್ಣು ಮುಚ್ಚಿಕೋ ಕಂದ, ಒಂದೇ ಸಲ," ಎಂದು ಪುಸಲಾಯಿಸಿ ಕುರಿಮರಿಯ ಬೆನ್ನ ಕಡೆಗೆ ಅವಳ ಕೈ ಎಳೆದೆ. ಮರಿಯನ್ನು ಹಿಡಿದುಕೊಡಲು ಅಲ್ಲಿಯ ಆಳು ಬಗ್ಗಿದ. ಮರಿ ನುಣುಚಿಕೊಂಡಿತು. ಮಗಳ ಕೈ ಹೋಗಿ ಆತನ ಗುಂಗುರು ತಲೆಯ ಮೇಲೆ ಕೂತಿತು.

ಅವಳು ಮೆಲ್ಲಗೆ ಸವರಿದಳು. ಮುಖ ಅರಳಿತು. "ಅಮ್ಮ, ನಂಗೆ ಬಯವೇ ಇಲ್ಲ! ಇದು ಕಡಿಯಲ್ಲ!"

ಆತ ತಲೆ ಎತ್ತದೆಯೇ ಹೇಳಿದ: "ಊಟದ ಹೊತ್ತಾಯ್ತಮ್ಮ. ಇನ್ನು ಸ್ವಲ್ಪ ಬಿಟ್ಟರೆ ನಾನೂ ಕಡಿತೀನಿ."

ಬಡಿಸಿದವರು ಯಾರು

ಇಷ್ಟರಲ್ಲಿ ಹಿಂದಿನಿಂದ ಅತ್ತೆಯ ಕೂಗು. ತಿರುಗಿ ನೋಡಿದರೆ ಬೇಲಿಯೊಳಗಿನ ಆಡುಗಳೆಲ್ಲ ಅವರನ್ನು ಸುತ್ತಿಕೊಂಡಿವೆ. ಒಂದು ನಿರಿಗೆ ನೆಕ್ಕುತ್ತಿದೆ, ಇನ್ನೊಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದೆ. ಗಂಜಿ ನೂಲಿಗೆ ಬಾಯಿ ಹಾಕುತ್ತದೆಂದು ಊರಿನ ಹೋತವನ್ನು ಕಟ್ಟಿಹಾಕಿದ್ದನ್ನು ದಿನಾ ನೋಡುವ ನಮಗೆ, ಪಾರ್ಕಿನ ಆಡಿಗೂ ಅದೇ ನಾಲಿಗೆ ಇರುತ್ತದೆಂದು ಹೊಳೆದಿರಲಿಲ್ಲ.

ನಾನು ಓಡುವ ಮೊದಲೇ ಸೊಂಟ ಹಗುರಾಯಿತು. ಮಗಳು ಧುಮುಕಿ ಓಡಿದವಳೇ, ಸೆರಗು ತಿನ್ನುತ್ತಿದ್ದ ಆಡಿನ ಎರಡೂ ಕಿವಿ ಹಿಡಿದು ಜಗ್ಗಿದಳು.

"ಬಿಡು! ಇದು ಅಪ್ಪ ನೆಯ್ದದ್ದು! ಬಿಡೂ!"

ಆಡು ಬಿಟ್ಟಿತು. ನನಗೆ ಅಳುವೇ ಬಂದುಬಿಟ್ಟಿತು. ಅಷ್ಟು ಸಂತೋಷ ಅವಳನ್ನು ಹೆತ್ತ ದಿನವೂ ಆಗಿರಲಿಲ್ಲ. ಆಳು ಮಾತ್ರ ಅತ್ತೆಯ ಮೇಲೆ ರೇಗಿ, ಗೋಡೆಯ ಮೇಲಿನ ಹಲಗೆ ತೋರಿಸಿದ. "ಪ್ರಾಣಿಗಳಿಗೆ ತಿನ್ನಲು ಏನೂ ಕೊಡಬಾರದು ಅಂತ ಬರೆದಿಲ್ಲವಾ?"

ಮೊಳದಷ್ಟು ಸೆರಗು ಕಳೆದುಕೊಂಡ ಅತ್ತೆ ಸೊಂಟಕ್ಕೆ ಕೈಯಿಟ್ಟರು. "ನಾನೆಲ್ಲಪ್ಪ ಕೊಟ್ಟೆ? ಅದೇ ಬಡಿಸಿಕೊಂಡಿತು!"

ಸೋಮವಾರ

ಮಾರನೆಯ ಬೆಳಿಗ್ಗೆ ಅತ್ತೆ ಮೊಮ್ಮಗಳ ನೀಲಿ ಪಾವಾಡೆ ಲಂಗಕ್ಕೆ ಗಂಜಿ ಹಾಕಿಯೇ ಉಡಿಸಿದರು. ನಾನು ಬಾಗಿಲಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತೆ. ಮಗಳು ಟೀ ಅಂಗಡಿಯ ಮುಂದೆ ನಿಂತಳು. ಹೋತ ಕತ್ತು ಚಾಚಿ ಪಾವಾಡೆಯ ಅಂಚು ನೆಕ್ಕಿತು. ಅವಳು ಅದರ ಗಡ್ಡ ಹಿಡಿದು ಏನೋ ಬುದ್ಧಿ ಹೇಳುತ್ತಿದ್ದಳು. ಅಷ್ಟು ಸಾಕಾಯಿತು ನನಗೆ. ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ.

ದೀಪ ಆರುವ ಮೊದಲೇ ಟೀ ಅಂಗಡಿಯವನು ಓಡಿಬಂದ. "ನನ್ನ ಹೋತ ಎಲ್ಲಿ? ಕಲ್ಲಿದೆ, ಹಗ್ಗವೂ ಇಲ್ಲ!"

ನಾನು, ಅತ್ತೆ, ಅವನು, ಮೂವರೂ ಸ್ಕೂಲಿಗೆ ಓಡಿದೆವು.

ಒಂದನೇ ಕ್ಲಾಸಿನಲ್ಲಿ ಹೋತ ನಡುವೆ ನಿಂತು ನೆಮ್ಮದಿಯಾಗಿ ಪಾವಾಡೆ ನೆಕ್ಕುತ್ತಿತ್ತು. ಹಗ್ಗ ನನ್ನ ಮಗಳ ಕೈಯಲ್ಲಿ. ಮಕ್ಕಳು ಸಾಲಾಗಿ ಬಂದು, ಒಬ್ಬೊಬ್ಬರೇ ಅದರ ಬೆನ್ನು ಮುಟ್ಟಿ, ಹೋಗಿ ಕೂರುತ್ತಿದ್ದರು. ಆಡಿಗೆ ಹೆದರುವ ಮಗುವನ್ನೇ ಕಂಡಿರದ ಟೀಚರಮ್ಮ ಎಲ್ಲಿ ಎಂದು ನೋಡಿದರೆ, ಮೇಜಿನ ಮೇಲೆ ಹತ್ತಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದರು.

"ಏನೇ ಇದು!" ಎಂದು ಕಿರುಚಿದೆ.

ಮಗಳು ನನ್ನ ದನಿಯನ್ನೇ ಎರವಲು ಪಡೆದವಳಂತೆ ಹೇಳಿದಳು: "ಎಲ್ಲಾರೂ ಮುಟ್ಟಾಯ್ತಮ್ಮ, ಟೀಚರ್ ಒಬ್ಬರೇ ಬಾಕಿ. ಮುಟ್ಟದೆ ಅವರು ಮನೆಗೆ ಹೋಗೋ ಹಾಗಿಲ್ಲ."