ಮರಳಿ ಬಾರದ ಕಡ್ಡಿ

ಶಿವನಂಜಪ್ಪನ ಸಂಕಟ ಶುರುವಾದದ್ದು ಒಂದು ಬಿದಿರುಕಡ್ಡಿಯಿಂದ. ಎಲೆ ಚುಚ್ಚಿ ಪೊಟ್ಟಣ ಮುಚ್ಚುವ, ಬೆರಳುದ್ದದ ಕಡ್ಡಿ. ಅದು ಹನ್ನೊಂದು ದಿನಗಳಿಂದ ಹಿಂದಿರುಗಿರಲಿಲ್ಲ.

ಕಾಟ್ಟಿಕುಳಂ ಕವಲಿನಲ್ಲಿ ಅವನದೊಂದು ಫಾಸ್ಟ್ ಫುಡ್ ಅಂಗಡಿ. ಬಾವಲಿ ಊರಿನ ಬಸ್ಸು ಎರಡನೆಯ ಹಾರ್ನ್ ಹಾಕುವಷ್ಟರಲ್ಲಿ ಕಾಡುಗೆಣಸಿನ ಬಿಸಿ ವಡೆ, ಸೂಜಿಮೆಣಸಿನ ಚಟ್ನಿ ತೇಗದ ಎಲೆಯಲ್ಲಿ ಕಟ್ಟಿಸಿಕೊಂಡು ಕಿಟಕಿ ಸೇರುತ್ತಿದ್ದವು. ಪ್ಲಾಸ್ಟಿಕ್ಕಿಗೆ ಅಲ್ಲಿ ಪ್ರವೇಶವಿಲ್ಲ. ಮೆಣಸು ನೆರೆಮನೆಯ ಚಾತಿಯ ಹಿತ್ತಲಿನದು, ಗೆಣಸು ಆದಿವಾಸಿ ಹಾಡಿಯ ಮುದುಕ ಬೈರನದು. ಬೈರ ಮೊದಲ ದಿನವೇ ಕಾಡಿನ ಕರಾರು ಹೇಳಿದ್ದ: ಅಗೆದ ಗೆಣಸಿನ ತಲೆಯನ್ನು ಮಣ್ಣಿಗೇ ಮರಳಿಸಬೇಕು, ದಿನದ ಮೊದಲ ಪೊಟ್ಟಣವನ್ನು ಹಾಡಿಯ ಸತ್ತ ಹಿರಿಯರಿಗೆಂದು ಬೇಗೂರು ಕಾಡಂಚಿನ ಕಲ್ಲಿನ ಮೇಲಿಡಬೇಕು, ತಿರುಗಿ ನೋಡಬಾರದು.

ಎರಡು ವರ್ಷ ಹಾಗೆಯೇ ನಡೆದಿತ್ತು. ಮರುದಿನ ಅಂಗಡಿಯ ಹೊಸ್ತಿಲಲ್ಲಿ ಆ ಕಡ್ಡಿ ತೊಳೆಸಿಕೊಂಡು, ಒದ್ದೆಯಾಗಿ ಕಾದಿರುತ್ತಿತ್ತು. ಯಾರು ತರುತ್ತಾರೆಂದು ಶಿವನಂಜಪ್ಪ ಕೇಳಿದವನಲ್ಲ. ಕೆಲವು ಪ್ರಶ್ನೆಗಳನ್ನು ಮಂಜು ಹೊದ್ದಂತೆಯೇ ಮಲಗಗೊಡುವುದು ಮೇಲೆಂದು ಅವನ ನಂಬಿಕೆ.

ಆ ದಿನ ಬೈರ ಬರಿಗೈಯಲ್ಲಿ ಬಂದ.

"ಗೆಣಸೆಲ್ಲಿ ಬೈರಜ್ಜ?"

"ಸಿಗಾಕಿಲ್ಲ ಸೌಕಾರೆ. ಮೇಲೆ ಬಳ್ಳಿ ಅದೆ, ಅಗುದ್ರೆ ಕೆಳ್ಗೆ ಬರೀ ಗುಂಡಿ. ಹಿರೀಕ್ರು ಹಸ್ಕೊಂಡವ್ರೆ."

"ದಿನಾ ಇಡ್ತಿದೀನಲ್ಲ! ಮಾರನೇ ದಿನ ಎಲೆ ಖಾಲಿ ಇರುತ್ತೆ!"

"ಅವ್ರು ಉಂಡ್ರೆ ಕಡ್ಡಿ ಕೊಡ್ತಾರೆ. ಕಡ್ಡಿ ಬಂತಾ?"

ಶಿವನಂಜಪ್ಪ ಬರಿದಾದ ಹೊಸ್ತಿಲ ಕಡೆ ನೋಡಿದ. ಪಕ್ಕದ ಟೈಲರ್ ಕುಮಾರನ್ ಹೊಲಿಗೆ ನಿಲ್ಲಿಸಿ, ತನ್ನ ಸೂಜಿಯಂತೆಯೇ ಮಾತಿನೊಳಗೆ ತೂರಿದ.

"ನಾನು ಹೇಳ್ಳಿಲ್ವಾ ಶಿವಣ್ಣ? ಸತ್ತೋರು ಸೂಜಿಮೆಣಸಿನ ಚಟ್ನಿ ತಿಂತಾರಾ? ಅದು ಕಾಡೊಳಗಿರೋ ನಕ್ಸಲರು. ಮುತ್ತಂಗದಲ್ಲಿ ಆದಿವಾಸಿಗಳ ಭೂಮಿ ಗಲಾಟೆ ಆದ್ಮೇಲೆ ಅಂಥೋರಿಗೆ ಅನ್ನ ಕೊಟ್ಟೋರನ್ನೂ ಪೊಲೀಸರು ಬಿಡ್ತಿಲ್ಲ. ಎರಡೇ ಎರಡು ಇಡ್ಲಿ ಕೊಟ್ಟಿದ್ದಕ್ಕೆ ಒಬ್ಬನ್ನ ಜೀಪ್ ಹತ್ತಿಸಿದ್ರಂತೆ!"

ಒಲೆಯ ಹಿಂದಿನಿಂದ ಹೆಂಡತಿ ಚೆಲುವಮ್ಮ ಹೊಗೆಯೊಡನೆ ಹೊರಬಂದಳು. "ಗೆಣಸಿಲ್ದೆ ಅಂಗಡಿ ಮುಚ್ಚಬೇಕು, ಪೊಟ್ಟಣ ಇಟ್ರೆ ಜೈಲು ಸೇರಬೇಕು. ಹೋಗಿ ನೋಡ್ಬನ್ನಿ ಯಾರು ತಿಂತಾರೆ ಅಂತ. ಸತ್ತೋರಾದ್ರೆ ಕೈ ಮುಗೀರಿ, ಬದುಕಿರೋರಾದ್ರೆ ಓಡಿಬನ್ನಿ."

"ಎರಡೂ ಅಲ್ದೋರಾದ್ರೆ?" ಎಂದ ಕುಮಾರನ್.



ಉಳಿದಿದ್ದ ಕೊನೆಯ ಗೆಣಸಿನ ಪೊಟ್ಟಣದೊಂದಿಗೆ ಶಿವನಂಜಪ್ಪ ಸೈಕಲ್ ತುಳಿದ. ಕಾಡಂಚಿನಲ್ಲಿ ಮಂಜು ಮರಗಳ ಸೊಂಟದವರೆಗೆ ನಿಂತಿತ್ತು. ಒಂದು ಹಕ್ಕಿಯ ಸದ್ದೂ ಇಲ್ಲ. ಗಾಳಿಯಿಲ್ಲದೆಯೂ ಬಿದಿರುಗಳು ಒಂದನ್ನೊಂದು ಏನೋ ಕೇಳುತ್ತಿದ್ದವು. ಪೊಟ್ಟಣವನ್ನು ಕಲ್ಲಿನ ಮೇಲಿಟ್ಟು, ಇಪ್ಪತ್ತು ಹೆಜ್ಜೆ ನಡೆದು, ಜೀವಮಾನದಲ್ಲಿ ಮೊದಲ ಸಲ ಕರಾರು ಮುರಿದು ಪೊದೆಯ ಹಿಂದೆ ಅಡಗಿದ. ಅವನ ಹಲ್ಲುಗಳು ಕುಮಾರನ್‌ನ ಹೊಲಿಗೆ ಯಂತ್ರವಾದವು.

ಬಿದಿರುಮೆಳೆ ಸೀಳಿತು. ಒಂದು ಕೈ ಹೊರಬಂತು. ಮೈಯಿಲ್ಲ, ಮುಖವಿಲ್ಲ, ಮಂಜಿನಲ್ಲಿ ಬರಿಯ ಕೈ. ಅದು ಮೃದುವಾಗಿ ಕಡ್ಡಿ ಕಳಚಿತು, ಎಲೆ ಬಿಚ್ಚಿತು. ಶಿವನಂಜಪ್ಪ ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದ. ಅಷ್ಟರಲ್ಲಿ ಮೆಳೆಯೊಳಗಿಂದ ಒಂದು ತುಂಬು ತೇಗು ಕೇಳಿಸಿತು. ಅದು ಖಂಡಿತವಾಗಿಯೂ ಈ ಲೋಕದ್ದು.

"ಚಟ್ನಿ ಇವತ್ತು ಕಮ್ಮಿ ಹಾಕಿದೀಯಲ್ಲ ಚೇಟ್ಟಾ," ಎಂದು ಖಾಕಿಯೊಂದು ಎದ್ದು ನಿಂತಿತು.

ಪೊಲೀಸ್ ಭಾಸ್ಕರನ್. ಹನ್ನೊಂದು ದಿನಗಳಿಂದ ಆ ಕಲ್ಲಿಗೆ ಕಾವಲು.

"ಇದು ಸತ್ತೋರ ಊಟ ಸಾರ್!"

"ನನ್ನನ್ನ ಕಾಯೋಕೆ ಬಿಟ್ರು, ಊಟ ಕಳಿಸೋಕೆ ಮರೆತ್ರು. ಇನ್ನೆರಡು ದಿನ ಆಗಿದ್ರೆ ನಾನೂ ಸತ್ತೋನೇ." ಅವನು ಕಡ್ಡಿಯಿಂದ ಹಲ್ಲು ಕೆದಕಿ, ಅದರ ತುದಿಯನ್ನು ಕಚ್ಚಿ, ದಿನದ ರೂಢಿಯಂತೆ ಪಕ್ಕದಲ್ಲಿ ಹರಿಯುವ ತೋಡಿಗೆ ಎಸೆದ. ನೀರು ಅದನ್ನು ಕಾಡಿನೊಳಕ್ಕೆ ಒಯ್ದಿತು.

"ಹಾಗಾದ್ರೆ ನಾಳೆಯಿಂದ ಇಡಲ್ಲ."

"ನಿಲ್ಲಿಸಿದ್ರೆ 'ಸುಳಿವು ಸಿಕ್ಕಿ ಹುಷಾರಾದ' ಅಂತ ಬರೀಬೇಕಾಗುತ್ತೆ. ದಿನಾ ಎಷ್ಟು ಪೊಟ್ಟಣ ಅಂತ ಬರೆಯೋದೇ ನನ್ನ ಕೆಲಸ. ಒಂದಾದ್ರೆ ಯಾರದೋ ಹರಕೆ ಅಂತ ಬಿಡ್ತಾರೆ. ನಾಲ್ಕು ದಾಟಿದ್ರೆ ಒಳಗೊಂದು ದಳಾನೇ ಇದೆ ಅಂತ ಲೆಕ್ಕ. ಜೀಪು ಸೀದಾ ನಿನ್ನಂಗಡಿಗೆ. ಒಂದೇ ಇಡು, ಚಟ್ನಿ ಜಾಸ್ತಿ ಹಾಕು."

ಬದುಕಿದೆ ಎಂದುಕೊಂಡು ಶಿವನಂಜಪ್ಪ ಒಂದೇ ಉಸಿರಿಗೆ ಸೈಕಲ್ ತುಳಿದ. ದಾರಿಯಲ್ಲಿ ಅವನನ್ನು ಯಾರೂ ದಾಟಿ ಹೋಗಲಿಲ್ಲ.

ಅಂಗಡಿಯ ಮುಂದೆ ಬೈರ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಬುಟ್ಟಿ ತುಂಬ ಗೆಣಸು, ಮಣ್ಣಿನ್ನೂ ಹಸಿ.

"ಹಿರೀಕ್ರು ಒಪ್ಕೊಂಡ್ರು ಸೌಕಾರೆ. ಹೊಸ್ತಿಲು ನೋಡು."

ಹೊಸ್ತಿಲ ಮೇಲೆ ಸಾಲಾಗಿ ಹನ್ನೊಂದು ಕಡ್ಡಿಗಳು. ತೊಳೆದಂತಿದ್ದವು, ನೀರು ಇಳಿಯುತ್ತಿತ್ತು. ಒಂದೊಂದರ ತುದಿಯಲ್ಲೂ ಭಾಸ್ಕರನ್‌ನ ಹಲ್ಲಿನ ಗುರುತು.

"ಯಾ... ಯಾರು ತಂದದ್ದು?"

ಚೆಲುವಮ್ಮ ಕುಮಾರನ್‌ನ ಕಡೆ ನೋಡಿದಳು. ಕುಮಾರನ್ ಆಗಲೇ ತನ್ನ ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದ.

"ಹನ್ನೊಂದು ದಿನ ಉಪಾಸ ಅಲ್ವಾ?" ಎಂದ ಬೈರ, ಮದುವೆಮನೆಯ ಅಡಿಗೆಯವನಿಗೆ ಹೇಳುವಷ್ಟು ಸಹಜವಾಗಿ. "ಆ ಹನ್ನೊಂದು, ನಾಳೇದೊಂದು. ನಾಳೆ ಎಲ್ಲಾ ಒಟ್ಟಿಗೇ ಇಡ್ಬೇಕಂತೆ. ಇಲ್ದಿದ್ರೆ ಅವ್ರೇ ಇಲ್ಲಿಗೆ ಬತ್ತಾರಂತೆ, ಉಣ್ಣಾಕೆ."

ಶಿವನಂಜಪ್ಪ ಆ ಒದ್ದೆ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿ ಎತ್ತಿಕೊಂಡ. ಹೊರಗೆ ಬಾವಲಿಯ ಬಸ್ಸು ಎರಡು ಸಲವಲ್ಲ, ನಾಲ್ಕು ಸಲ ಹಾರ್ನ್ ಹಾಕಿ ಬರಿದೇ ಹೋಯಿತು.

"ಹನ್ನೆರಡು ಎಲೆ ತೊಳೀಲಾ?" ಎಂದಳು ಚೆಲುವಮ್ಮ, ಸಣ್ಣ ದನಿಯಲ್ಲಿ.

"ಹದಿಮೂರು ತೊಳಿ," ಎಂದ ಶಿವನಂಜಪ್ಪ. "ಬರೆಯೋನಿಗೂ ಹಸಿವಾಗುತ್ತೆ. ಆಮೇಲೆ ನನ್ನ ಕಂಬಳಿ ತೆಗೆದಿಡು. ಜೀಪಲ್ಲಿ ಚಳಿ ಜಾಸ್ತಿ."